ಕಂಬ ನೆಟ್ಟವರು, ಕಲ್ಲು ಕಡೆದವರು

ಮಲ್ಪೆಯಿಂದ ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆಲ್ಲ ಒಂದು ಕತೆ ಗೊತ್ತಿರುತ್ತದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದನಂತೆ, ಭಾರತದ ನೆಲದ ಮೇಲೆ ಅವನ ಮೊದಲ ಹೆಜ್ಜೆ ಬಿದ್ದದ್ದು ಇಲ್ಲಿಯೇ ಅಂತೆ. ಕೇಳಲು ಚೆನ್ನಾಗಿದೆ. ನಮ್ಮೂರಿಗೆ ಒಂದು ‘ಮೊದಲು’ ಸಿಕ್ಕರೆ ಯಾರಿಗೆ ಬೇಡ ಹೇಳಿ? ಆದರೆ ಗಾಮನ ಹಡಗಿನಲ್ಲೇ ಇದ್ದ ಒಬ್ಬಾತ ಬರೆದಿಟ್ಟ ದಿನಚರಿ ಬೇರೆಯೇ ಲೆಕ್ಕ ಹೇಳುತ್ತದೆ. ಗಾಮ ಕಲ್ಲಿಕೋಟೆಯ ಸಮೀಪಕ್ಕೆ ಬಂದದ್ದು 1498ರ ಮೇ 20ರಂದು. ಅಲ್ಲಿನ ಸಾಮೂದಿರಿಯೊಂದಿಗೆ ವ್ಯಾಪಾರ ಕುದುರದೆ, ಮನಸ್ಸು ಕೆಟ್ಟು, ಆಗಸ್ಟ್ 29ರಂದು ಅಲ್ಲಿಂದ ಹೊರಟ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರದ ಹೊತ್ತು. ಗಾಳಿ ಅವನ ಮಾತು ಕೇಳುತ್ತಿರಲಿಲ್ಲ. ದಡದ ಪಕ್ಕದಲ್ಲೇ ತೆವಳಿಕೊಂಡು ಉತ್ತರಕ್ಕೆ ಬರುತ್ತಿದ್ದಾಗ ಸೆಪ್ಟೆಂಬರ್ 15ರಂದು ಸಿಕ್ಕಿದ್ದು ಈ ಪುಟ್ಟ ದ್ವೀಪಗಳು. ಅಂದರೆ ಅವನು ಇಲ್ಲಿಗೆ ಬಂದದ್ದು ಊರಿಗೆ ಹಿಂದಿರುಗುವ ದಾರಿಯಲ್ಲಿ, ಸೋತು ಸುಣ್ಣವಾಗಿ.

ಇದನ್ನು ನನ್ನ ಅಕ್ಕನಿಗೆ ಹೇಳಿದಾಗ ಅವಳಿಗೆ ಕತೆ ಇನ್ನಷ್ಟು ಹಿಡಿಸಿತು. “ಹಾಗಾದರೆ ನಮ್ಮ ಹಾಗೆಯೇ ಮಾರಾಯ್ತಿ, ಕೆಲಸ ಕೆಟ್ಟ ಮೇಲೆ ಊರು ನೋಡ್ಲಿಕ್ಕೆ ಹೊರಟದ್ದು” ಎಂದಳು.

ಅಕ್ಕ 1981ರಲ್ಲಿ ಮದುವೆಯಾಗಿ ಮುಂಬಯಿಗೆ ಹೋದವಳು. ಭಾವನದು ಅಲ್ಲಿ ಹೋಟೆಲಿನ ಕೆಲಸ. ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಬಂದರೆ ಮದುವೆ, ಸೀಮಂತ, ಬೊಜ್ಜ ಇಷ್ಟಕ್ಕೇ ರಜೆ ಮುಗಿಯುತ್ತಿತ್ತು. ಉಡುಪಿಯ ಹತ್ತಿರ ಹುಟ್ಟಿ ಅರವತ್ತು ದಾಟಿದರೂ ಅವಳು ದ್ವೀಪ ನೋಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅವಳು ಬಂದದ್ದೂ ತಿರುಗಾಟಕ್ಕಲ್ಲ, ಒಂದು ರುಜುವಿಗೆ. ಕಾರ್ಕಳದ ಕಡೆ ನಮ್ಮ ಅಮ್ಮನ ಮನೆ ಉಂಟು. ಹಂಚಿನ ಮಾಡು, ಮುಂದೊಂದು ಅಂಗಳ, ಹಿಂದೆ ಬೆಟ್ಟು ಗದ್ದೆ. ಅಮ್ಮ ಹೋದ ಮೇಲೆ ಬಾಗಿಲು ಹಾಕಿತ್ತು. ದೊಡ್ಡಣ್ಣನೂ ಇಲ್ಲ, ಅವನ ಮಕ್ಕಳು ಬೆಂಗಳೂರಿನಲ್ಲಿ. ಮಾಡು ಸೋರಿ ಒಂದು ಬದಿಯ ಗೋಡೆ ಕುಳಿತಿತ್ತು. ಪಕ್ಕದ ಜಾಗದಲ್ಲಿ ರಬ್ಬರ್ ಹಾಕಿದವರು ಕೇಳಿದರು, ಮಕ್ಕಳು ಒಪ್ಪಿದರು. ಸೋಮವಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಾವೆಲ್ಲ ಸಹಿ ಹಾಕಬೇಕು. ಅಕ್ಕ ಶುಕ್ರವಾರವೇ ಬಂದಿಳಿದಿದ್ದಳು. ಮನೆಯಲ್ಲಿ ಕೂತರೆ ಇಬ್ಬರೂ ಅದೇ ಮಾತು ತೆಗೆದು ಅಳುವುದು ಖಂಡಿತ. “ಎರಡು ದಿನ ಎಲ್ಲಿಗಾದರೂ ಹೋಗುವ” ಎಂದದ್ದು ಅವಳೇ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಮನೆಯ ಹಿಂದೆ, ಹಲಸಿನ ಮರದ ಬುಡದಲ್ಲಿ ಕಲ್ಲುರ್ಟಿಯ ಕಟ್ಟೆ ಇದೆ. ಗೇಣುದ್ದದ ಒಂದು ಕಲ್ಲು, ಅಷ್ಟೆ. ವರ್ಷಕ್ಕೊಮ್ಮೆ ಅಗೆಲು ಬಡಿಸುವುದು ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಕರಾರು ಪತ್ರದಲ್ಲಿ ಅದರ ಮಾತೇ ಇರಲಿಲ್ಲ. ಜಾಗ ಕೊಂಡವರು ನಂಬುವವರೋ ಅಲ್ಲವೋ, ಜೆಸಿಬಿ ಬಂದ ದಿನ ಆ ಕಲ್ಲು ಏನಾಗುತ್ತದೆ ಎಂಬುದು ಅಕ್ಕನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಾಗಾಗಿ ನಾವು ನೋಡಿದ ಕಲ್ಲುಗಳೆಲ್ಲ ಆ ಒಂದು ಕಲ್ಲಿನ ನೆನಪಿನಲ್ಲೇ ನೋಡಿದವು.

ಶನಿವಾರ ಬೆಳಿಗ್ಗೆ ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡಿ ಮಲ್ಪೆಗೆ ಹೋದೆವು. ಉಡುಪಿಯ ಬಗ್ಗೆ ನಾನು ಬರೆಯಬೇಕಾದ್ದೇನೂ ಇಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಮಾತು ಮಾತ್ರ. ಉಡುಪಿಯ ಕೃಷ್ಣ ಬಂದದ್ದೂ ಸಮುದ್ರದಿಂದಲೇ ಎಂಬುದನ್ನು ಮಠದ ಸರತಿಯಲ್ಲಿ ನಿಂತಾಗ ನಾವು ಮರೆಯುತ್ತೇವೆ. 13ನೆಯ ಶತಮಾನದಲ್ಲಿ ದ್ವಾರಕೆಯಿಂದ ಬಂದ ಹಡಗೊಂದು ಮಲ್ಪೆಯ ಬಳಿ ಅಪಾಯಕ್ಕೆ ಸಿಕ್ಕಿತು, ಮಧ್ವಾಚಾರ್ಯರು ದಡದಿಂದ ಬಟ್ಟೆ ಬೀಸಿ ಅದನ್ನು ಪಾರು ಮಾಡಿದರು, ಪ್ರತಿಯಾಗಿ ಹಡಗಿನಲ್ಲಿದ್ದ ಗೋಪೀಚಂದನದ ಗಟ್ಟಿಯನ್ನು ಮಾತ್ರ ಕೇಳಿ ಪಡೆದರು, ಅದರೊಳಗೆ ವಿಗ್ರಹಗಳಿದ್ದವು ಎಂಬುದು ಪರಂಪರೆಯ ಕತೆ. ಬಲರಾಮ ಸಮುದ್ರದ ಬದಿಯ ವಡಭಾಂಡೇಶ್ವರದಲ್ಲೇ ಉಳಿದ, ಕೃಷ್ಣ ಉಡುಪಿಗೆ ಬಂದ. ಇವತ್ತಿಗೂ ನೂಲಹುಣ್ಣಿಮೆಯ ದಿನ ಮಲ್ಪೆಯ ಮೊಗವೀರರು ವಡಭಾಂಡೇಶ್ವರದಲ್ಲಿ ಪೂಜೆ ಮಾಡಿಯೇ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವುದು. ತಮ್ಮ ಊರನ್ನು ಬಿಟ್ಟು ಕೊಡದ ಅಣ್ಣ ದೇವರ ಮೇಲೆ ಅಕ್ಕನಿಗೆ ತಮ್ಮನಿಗಿಂತ ಪ್ರೀತಿ ಹೆಚ್ಚು. ಕೃಷ್ಣನ ಹತ್ತಿರ ಐದು ನಿಮಿಷ ನಿಂತವಳು ಬಲರಾಮನ ಹತ್ತಿರ ಅರ್ಧ ಗಂಟೆ ಕೂತಳು.

ದೋಣಿ ಬಂದರಿನ ಬಾಯಿ ದಾಟುವಾಗ ದಡದ ಸಮೀಪವೇ ಒಂದು ದ್ವೀಪ ಕಾಣುತ್ತದೆ. ಅದು ದರಿಯಾ ಬಹಾದ್ದೂರ್‌ಗಡ. 18ನೆಯ ಶತಮಾನದಲ್ಲಿ ಬಿದನೂರಿನ ಬಸಪ್ಪ ನಾಯಕ ಅಲ್ಲಿ ಕೋಟೆ ಕಟ್ಟಿಸಿದ. ಘಟ್ಟದ ಮೇಲಿನ ಅರಸರಿಗೆ ಕಡಲಿನ ಮೇಲೊಂದು ಕಣ್ಣು ಬೇಕಿತ್ತು. ನಮ್ಮ ಅಕ್ಕಿ, ಮೆಣಸು ಹೊರಗೆ ಹೋಗುತ್ತಿದ್ದದ್ದು ಈ ಬಾಗಿಲಿನಿಂದಲೇ. ಗೋಡೆಯ ಅವಶೇಷಗಳನ್ನು ಗಿಡಗಂಟಿ ಮುಚ್ಚಿದೆ. ನಮ್ಮ ದೋಣಿಯಲ್ಲಿದ್ದ ನಲವತ್ತು ಜನರಲ್ಲಿ ಯಾರೂ ಅತ್ತ ಕತ್ತು ತಿರುಗಿಸಲಿಲ್ಲ. ಧ್ವನಿವರ್ಧಕದಲ್ಲಿ ಸಿನೆಮಾ ಹಾಡು ಹಾಕಿದ್ದರು, ಎಲ್ಲರ ಲಕ್ಷ್ಯ ಅದರ ಮೇಲೆ.

ಅರ್ಧ ಗಂಟೆಯೊಳಗೆ ದೊಡ್ಡ ದ್ವೀಪ. ತೆಂಗಿನ ಮರಗಳು ಇರುವುದರಿಂದ ಇದನ್ನು ತೆಂಗಿನ ದ್ವೀಪ ಎನ್ನುತ್ತಾರೆ; ತೋನ್ಸೆಪಾರ್ ಎಂಬ ಹಳೆಯ ಹೆಸರೂ ಇದೆ. ದಂಡೆಯಲ್ಲಿ ಮರಳಿಗಿಂತ ಹೆಚ್ಚಾಗಿ ಚಿಪ್ಪಿನ ಚೂರುಗಳು. ಬರಿಗಾಲಿನಲ್ಲಿ ನಡೆದರೆ ಚುಚ್ಚುತ್ತದೆ, ಚಪ್ಪಲಿ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ದೋಣಿ ಇಲ್ಲ.

ಇನ್ನು ಕಲ್ಲು. ನೋಡದವರಿಗೆ ಹೇಗೆ ಹೇಳಲಿ? ಐದು, ಆರು, ಏಳು ಮೂಲೆಗಳ ಕಂಬಗಳನ್ನು ಯಾರೋ ಒತ್ತೊತ್ತಾಗಿ ನಿಲ್ಲಿಸಿ, ಕೆಲವನ್ನು ಅರ್ಧಕ್ಕೆ ಮುರಿದು ಮೆಟ್ಟಿಲು ಮಾಡಿದಂತೆ. ಮನುಷ್ಯನ ಕೈ ತಾಗದ ಕೆಲಸ ಎಂದರೆ ನಂಬಿಕೆ ಬರುವುದಿಲ್ಲ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಟ್ಟಾಗ ಹೇಗೆ ಮೂಲೆಮೂಲೆಯ ಬಿಲ್ಲೆಗಳಾಗುತ್ತವೋ ಹಾಗೆಯೇ, ಭೂಮಿಯೊಳಗಿಂದ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟು ಕಂಬಗಳಾದವು. ನಡೆದದ್ದು ಎಂಟೂವರೆ ಒಂಬತ್ತು ಕೋಟಿ ವರ್ಷಗಳ ಹಿಂದೆ. ದಖ್ಖಣದ ದೊಡ್ಡ ಲಾವಾ ಪ್ರವಾಹಕ್ಕಿಂತ ಇದು ಸುಮಾರು ಎರಡು ಕೋಟಿ ವರ್ಷ ಹಿಂದಿನದು. ಆಗ ಈ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬಿರಿದು ದೂರ ಸರಿಯುತ್ತಿತ್ತು. ಆ ಬಿರಿತದ ಗುರುತು ಈ ಕಲ್ಲು ಎಂದು ಭೂವಿಜ್ಞಾನಿಗಳು ಓದುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಒಂದು ಕಂಬದ ತಲೆಯ ಮೇಲೆ ಕೂತು, “ಅಂದರೆ ಇದೂ ಒಂದು ಪಾಲುಪಟ್ಟಿಯೇ” ಎಂದಳು.

ಈ ದ್ವೀಪಕ್ಕೆ ಗಾಮ ಬಂದದ್ದು ಏಕೆ ಎಂಬುದು ನನಗೆ ಬಹಳ ಸೋಜಿಗದ ವಿಷಯ. ಪೋರ್ಚುಗಲ್ಲಿನ ಅರಸ ಮೂರು ಕಲ್ಲಿನ ಕಂಬಗಳನ್ನು ಅವನ ಹಡಗಿನಲ್ಲಿ ಕಳಿಸಿದ್ದ. ಶಿಲುಬೆ, ರಾಜಲಾಂಛನ ಇರುವ ಕಂಬಗಳು. ಹೊಸ ನೆಲ ಕಂಡಲ್ಲಿ ನೆಟ್ಟು ಬರಬೇಕು, ಅದು ಅಪ್ಪಣೆ. ಎರಡಕ್ಕೆ ದೇವದೂತರ ಹೆಸರು, ಮೂರನೆಯದಕ್ಕೆ ಸಾಂತಾ ಮರಿಯಾ, ಎಂದರೆ ಯೇಸುವಿನ ತಾಯಿ ಮೇರಿಯ ಹೆಸರು. ಆ ಮೂರನೆಯ ಕಂಬವನ್ನು ಈ ದ್ವೀಪಗಳಲ್ಲೊಂದರ ಮೇಲೆ ನೆಟ್ಟರು. ಆ ಹೆಸರು ದ್ವೀಪಕ್ಕೆ ಅಂಟಿತು. ಅಲ್ಲ, ಲಿಸ್ಬನ್ನಿನಿಂದ ಆಫ್ರಿಕದ ತುದಿ ಸುತ್ತಿ ಒಂದು ಕಲ್ಲುಕಂಬ ಹೊತ್ತು ತಂದು, ಸಾವಿರಾರು ಕಲ್ಲುಕಂಬಗಳು ತಾವಾಗಿಯೇ ನಿಂತಿರುವ ಜಾಗದಲ್ಲಿ ನೆಟ್ಟು ಹೋದರಲ್ಲ! ತಂದ ಕಂಬದ ಕುರುಹು ಇವತ್ತು ಇಲ್ಲ. ಇದ್ದ ಕಂಬಗಳು ಇವೆ.

ದಿನಚರಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ದಡದಿಂದ ದೋಣಿಗಳಲ್ಲಿ ನಮ್ಮವರು ಮೀನು ತಂದರಂತೆ. ಗಾಮ ಅವರನ್ನು ಚೆನ್ನಾಗಿ ಕಂಡು ಅಂಗಿಗಳನ್ನು ಕೊಟ್ಟನಂತೆ. ಇಲ್ಲೊಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ್ದಕ್ಕೆ, ಬಹಳ ಸಂತೋಷ, ನೀವೂ ನಮ್ಮ ಹಾಗೆ ಕ್ರೈಸ್ತರೆಂದು ಅದರಿಂದ ಗೊತ್ತಾಗುತ್ತದೆ ಎಂದರು ಎಂದು ದಿನಚರಿ ಬರೆದವನು ಹೇಳುತ್ತಾನೆ. ನಮ್ಮ ಮೊಗವೀರರು ಹಾಗೆ ಹೇಳಿರಲಿಕ್ಕೆ ಸಾಧ್ಯವೇ? ಯಾರ ಮಾತು ಯಾರಿಗೆ ಅರ್ಥವಾಯಿತೋ. ಸೆಪ್ಟೆಂಬರಿನ ಕಡಲಿನಲ್ಲಿ ಬಂದು ನಿಂತ ಪರದೇಶಿಗಳಿಗೆ ಮೀನು ಕೊಟ್ಟು, ಕಲ್ಲು ನೆಡುತ್ತೀರಾ ನೆಟ್ಟುಕೊಳ್ಳಿ ಎಂದಿರಬೇಕು. ಕಲ್ಲು ನೆಟ್ಟರೆ ಕೈ ಮುಗಿಯುವ ಜನ ನಾವು. ನೆಡುವವನ ಮನಸ್ಸಿನಲ್ಲಿ ಅದು ಗಡಿಕಲ್ಲು ಎಂದು ಆ ಹೊತ್ತಿಗೆ ಅವರಿಗೆ ಹೇಗೆ ತಿಳಿಯಬೇಕು?

ಇದೇ ಬಗೆಯ ಗಲಿಬಿಲಿ ಕೆಲವು ತಿಂಗಳ ಹಿಂದೆ ಕಲ್ಲಿಕೋಟೆಯಲ್ಲೂ ಆಗಿತ್ತು. ಗಾಮನನ್ನು ಒಂದು ದೇವಸ್ಥಾನಕ್ಕೆ ಕರೆದೊಯ್ದರು. ಅವರು ಅದನ್ನು ಇಗರ್ಜಿ ಎಂದುಕೊಂಡರು. ಗರ್ಭಗುಡಿಯ ಕತ್ತಲಲ್ಲಿ ಒಂದು ಸಣ್ಣ ಮೂರ್ತಿ. ಅದು ಮೇರಿಯಮ್ಮನೇ ಎಂದು ತಿಳಿದು ಮೊಣಕಾಲೂರಿದರು. ಅಲ್ಲಿದ್ದವರು ‘ಮಾರಿಯಾ’ ಎಂದು ಕೂಗಿದರೆಂದು ಮುಂದೆ ಬರೆದ ಪೋರ್ಚುಗೀಸ್ ಚರಿತ್ರೆಕಾರ ಕಾಸ್ತಾನ್ಯೇಡ ಹೇಳುತ್ತಾನೆ. ಅದು ನಮ್ಮ ಮಾರಿಯಮ್ಮನ ಹೆಸರೇ ಇದ್ದಿರಬಹುದು ಎಂದು ಹಲವು ವಿದ್ವಾಂಸರ ಊಹೆ. ಜೊತೆಗಿದ್ದ ಒಬ್ಬನಿಗೆ ಗೋಡೆಯ ಮೇಲಿನ ಚಿತ್ರಗಳ ಕೋರೆಹಲ್ಲು, ನಾಲ್ಕೈದು ಕೈ ನೋಡಿ ಅನುಮಾನ ಬಂತು. ಇದು ದೆವ್ವವಾದರೆ ನಾನು ಪೂಜಿಸುವುದು ನಿಜವಾದ ದೇವರನ್ನು ಎಂದು ಪಿಸುಗುಟ್ಟಿದನಂತೆ, ಗಾಮ ನಕ್ಕನಂತೆ.

ಆ ಸಂಜೆ ಕಾಪುವಿಗೆ ಹೋದಾಗ ಈ ಮಾತು ನೆನಪಾಗದೆ ಇರುತ್ತದೆಯೇ? ಕಾಪು ಮಾರಿಯಮ್ಮನ ಊರು. ಒಂದಲ್ಲ, ಮೂರು ಮಾರಿಗುಡಿಗಳು. ಸುಗ್ಗಿಯ ಮಾರಿಪೂಜೆಗೆ ಬರುವ ಜನರನ್ನು ನೋಡಿದರೆ ಜಾತಿ, ಮತ, ತಾಲೂಕು ಯಾವುದೂ ಲೆಕ್ಕಕ್ಕಿಲ್ಲ ಎನಿಸುತ್ತದೆ. ನಾವು ಹೋದಾಗ ಹೊಸ ಮಾರಿಗುಡಿಯನ್ನು ಇಳಕಲ್ಲಿನ ಕೆಂಪು ಕಲ್ಲಿನಿಂದ ಪೂರ್ತಿ ಹೊಸದಾಗಿ ಕಟ್ಟುತ್ತಿದ್ದರು. 2025ರಲ್ಲಿ ಅದರ ಬ್ರಹ್ಮಕಲಶೋತ್ಸವ ಆಯಿತು. ಕೆಲಸ ನಡೆಯುತ್ತಿದ್ದಾಗಲೂ ಹೂವು ಬರುವುದು ನಿಂತಿರಲಿಲ್ಲ. ಈ ದೇವಿಗೆ ಮಲ್ಲಿಗೆಯೆಂದರೆ ಶಂಕರಪುರದ ಮಲ್ಲಿಗೆ. ಕಾಪುವಿನಿಂದ ಸ್ವಲ್ಪವೇ ಒಳಗಿನ ಊರು ಅದು. ಎಂಟು ನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗಿನ ಕತ್ತಲಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ತಲುಪಿಸುವಷ್ಟರಲ್ಲಿ ಮನೆಯ ಗಂಡಸರು ಎದ್ದಿರುವುದಿಲ್ಲ. ಹಿಂದೂಗಳೂ ಕ್ರೈಸ್ತರೂ ಬೆಳೆಸುತ್ತಾರೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಈ ಹೂವು. ಮೇರಿಯಮ್ಮನ ಹಬ್ಬಕ್ಕೂ ಮಾರಿಯಮ್ಮನ ಪೂಜೆಗೂ ಒಂದೇ ಅಂಗಳದ ಹೂವು ಹೋಗುತ್ತದೆ. ಗಾಮನಿಗೆ ಆದ ಗಲಿಬಿಲಿಯನ್ನು ನೆನೆದು ನಗುವ ಹಾಗಿಲ್ಲ.

ದೀಪಸ್ತಂಭಕ್ಕೂ ಹೋದೆವು. 1901ರದ್ದು. ಸಮುದ್ರದ ಬದಿಯ ದೊಡ್ಡ ಬಂಡೆಯ ಮೇಲೆ ನಿಂತಿದೆ. ನೀರು ಏರಿದಾಗ ಅಲೆಗಳು ಬುಡವನ್ನು ಸುತ್ತುತ್ತವೆ. ಅಕ್ಕನಿಗೆ ಮೊಣಕಾಲು ನೋವು, ಮೇಲೆ ಹತ್ತಲಿಲ್ಲ. ಕತ್ತಲಾಗಿ ದೀಪ ತಿರುಗತೊಡಗಿದ ಮೇಲೆ ಎದ್ದೆವು.

ಭಾನುವಾರ ಬೆಳಿಗ್ಗೆ ಮಣಿಪಾಲದಲ್ಲಿ ಹಸ್ತಶಿಲ್ಪ ಗ್ರಾಮ ನೋಡಿದ್ದು ನನ್ನ ಒತ್ತಾಯಕ್ಕೆ. ನೋಡಬಾರದಿತ್ತೇನೋ ಎಂದು ಆಮೇಲೆ ಅನಿಸಿತು. ವಿಜಯನಾಥ ಶೆಣೈ ಅವರು ಒಂದು ಆಯುಷ್ಯವನ್ನೇ ಇದಕ್ಕೆ ಸುರಿದರು. ಕೆಡವಲು ಹೊರಟ ಹಳೆಯ ಮನೆಗಳನ್ನು ಕಂಬ ತೊಲೆಗಳಿಗೆ ಗುರುತು ಹಾಕಿ ಬಿಚ್ಚಿ ತಂದು, ಇಲ್ಲಿ ಮತ್ತೆ ಜೋಡಿಸಿದರು. ಕುಕನೂರಿನ ಕಮಲಮಹಲ್, ಕುಂಜೂರಿನ ಚೌಕಿಮನೆ, ಕಾರ್ಕಳದ ಪಕ್ಕದ ಮಿಯ್ಯಾರಿನ ಮನೆ. ಅವರು 2017ರಲ್ಲಿ ತೀರಿಕೊಂಡರು. ಅವರಿಲ್ಲದಿದ್ದರೆ ಇವೆಲ್ಲ ಸೌದೆಯಾಗುತ್ತಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಲೆ ಉರಿಯದ ಅಡಿಗೆಮನೆ, ಮಗು ಮಲಗದ ತೊಟ್ಟಿಲು, ಎಲ್ಲ ಒರೆಸಿ ಇಟ್ಟ ಹಾಗೆ. ಅಕ್ಕ ಒಂದು ಬಾಗಿಲವಾಡವನ್ನು ಸವರಿ, “ನಮ್ಮದರಲ್ಲಿ ತರಲಿಕ್ಕೆ ಇಂಥದ್ದೇನೂ ಇಲ್ಲ ಅಲ್ಲವಾ” ಎಂದಳು. ಇರಲಿಲ್ಲ. ನಮ್ಮದು ಸಾಮಾನ್ಯ ಮನೆ. ಸಾಮಾನ್ಯ ಮನೆಗಳನ್ನು ಯಾವ ವಸ್ತುಸಂಗ್ರಹಾಲಯವೂ ತರುವುದಿಲ್ಲ.

ಕಾರ್ಕಳ ತಲುಪುವಾಗ ಬಿಸಿಲು ಏರಿತ್ತು. ಗೊಮ್ಮಟಬೆಟ್ಟದ ಬಂಡೆ ಡಿಸೆಂಬರಿನಲ್ಲೂ ಕಾಲು ಸುಡುತ್ತದೆ. ಹತ್ತುತ್ತ ಹೋದಂತೆ ಮೊದಲು ಗುಂಗುರು ಕೂದಲು, ಆಮೇಲೆ ಆ ನಗು, ಆಮೇಲೆ ಭುಜ. 42 ಅಡಿ ಎತ್ತರ. ವೀರಪಾಂಡ್ಯ ಭೈರರಸ ತನ್ನ ಗುರು ಲಲಿತಕೀರ್ತಿಯ ಮಾತಿನಂತೆ ಮಾಡಿಸಿ, 1432ರ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದ. ಅರಸನ ಹೆಸರು ಶಾಸನದಲ್ಲಿದೆ, ಗುರುವಿನ ಹೆಸರಿದೆ. ಕಡೆದವನ ಹೆಸರು?

ಅದು ಇರುವುದು ತುಳು ಪಾಡ್ದನದಲ್ಲಿ. ನಮ್ಮ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಹಾಡುಗಳು ಪಾಡ್ದನಗಳು. ಬೀರ ಕಲ್ಕುಡ ಎಂಬ ಕಲ್ಲುಕುಟಿಗ ಕಾರ್ಕಳದ ಅರಸನಿಗೆ ಗೊಮ್ಮಟನನ್ನು ಕಡೆದುಕೊಟ್ಟ. ಇಂಥದ್ದು ಇನ್ನೊಂದು ಊರಿಗೆ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಇನ್ನೊಂದು ರಾಜ್ಯಕ್ಕೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದ. ಊರಿನಲ್ಲಿ ಒಡಹುಟ್ಟಿದ ತಂಗಿ ಕಲ್ಲುರ್ಟಿ ಅಣ್ಣನನ್ನು ಕಾದು ಕಾದು, ಕೊನೆಗೆ ಹುಡುಕಿಕೊಂಡು ಹೊರಟಳು. ಅವನನ್ನು ಆ ಸ್ಥಿತಿಯಲ್ಲಿ ಕಂಡಳು. ಇಬ್ಬರೂ ಮಾಯವಾಗಿ ದೈವಗಳಾದರು. ಅರಸನ ಅರಮನೆಗೆ ಬೆಂಕಿಯಾದರು. ಪಾಠಗಳು ಬೇರೆ ಬೇರೆ ಇವೆ, ಸಾರ ಇದು.

ಶಾಲೆಯಲ್ಲಿ ಇತಿಹಾಸ ಹೇಳುವವಳಿಗೆ ಇಲ್ಲಿ ಸುಮ್ಮನಿರಲಾಗುವುದಿಲ್ಲ. ವೇಣೂರಿನ ಗೊಮ್ಮಟನನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಕಾರ್ಕಳದ್ದು 1432. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆಯುವುದು ಹೇಗೆ? ತೇದಿ ಹಿಡಿದು ನೋಡಿದರೆ ಪಾಡ್ದನ ಸುಳ್ಳು, ಗಾಮನ ಮೊದಲ ಹೆಜ್ಜೆಯ ಕತೆಯಷ್ಟೇ ಸುಳ್ಳು. ಆದರೆ ನಾನು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಒಪ್ಪುವುದಿಲ್ಲ. ಗಾಮನ ಕತೆ ದೊಡ್ಡವನ ಹೆಸರಿಗೆ ಇನ್ನೊಂದು ಗರಿ ಸಿಕ್ಕಿಸುತ್ತದೆ, ಅಷ್ಟೇ ಅದರ ಕೆಲಸ. ಪಾಡ್ದನ ಹೇಳುವುದು ಶಾಸನ ಬಿಟ್ಟ ಸಾಲನ್ನು. ಕಲ್ಲು ಕಡೆದ ಕೈಗಳಿದ್ದವು, ಆ ಕೈಗಳಿಗೆ ಸಂದದ್ದು ನ್ಯಾಯವಲ್ಲ, ಅದನ್ನು ಕೇಳಲು ಒಬ್ಬಳು ತಂಗಿ ಬಂದಳು ಎಂದು. 172 ವರ್ಷಗಳ ಅಂತರದಲ್ಲಿ ಎಷ್ಟು ಕಲ್ಕುಡರ ಕತೆ ಒಬ್ಬನ ಕತೆಯಾಗಿ ಸೇರಿತೋ. ಗೊಮ್ಮಟ ವರ್ಷಗಟ್ಟಲೆ ಎಣ್ಣೆ ಬತ್ತಿ ಇಲ್ಲದೆಯೂ ನಿಂತಾನು. ಕಲ್ಲುರ್ಟಿಗೆ ತುಳುನಾಡಿನಲ್ಲಿ ಎಷ್ಟು ಮನೆಗಳ ಹಿಂದೆ ಗೇಣುದ್ದದ ಕಲ್ಲಿದೆ, ನೀವೇ ಎಣಿಸಿ ನೋಡಿ.

ಅಕ್ಕ ಗೊಮ್ಮಟನ ಪಾದದ ಹತ್ತಿರ ಬಹಳ ಹೊತ್ತು ಕೂತಿದ್ದಳು. “ಅಮ್ಮ ಈ ಕತೆ ಹೇಳುವಾಗ ಕೈಕಾಲು ಕಡಿದದ್ದರ ಹತ್ತಿರ ಬಂದರೆ ನಿಲ್ಲಿಸ್ತಿದ್ದರು, ನೆನಪುಂಟಾ?” ಎಂದಳು. ನೆನಪಿತ್ತು. ಮುಂದಿನದ್ದನ್ನು ನಾಳೆ ಹೇಳುತ್ತೇನೆ ಎನ್ನುತ್ತಿದ್ದರು.

ಎದುರಿನ ಚಿಕ್ಕ ಗುಡ್ಡದ ಮೇಲೆ ಚತುರ್ಮುಖ ಬಸದಿ. 1586ರದ್ದು, 108 ಕಂಬಗಳದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಮೂವರು ತೀರ್ಥಂಕರರು ನಿಮ್ಮನ್ನೇ ನೋಡುತ್ತಾರೆ: ಅರ, ಮಲ್ಲಿ, ಮುನಿಸುವ್ರತ. ಈ ಮಲ್ಲಿನಾಥನ ಬಗ್ಗೆ ಜೈನರಲ್ಲೇ ಒಂದು ಭಿನ್ನಾಭಿಪ್ರಾಯ ಉಂಟು. ಹತ್ತೊಂಬತ್ತನೆಯ ತೀರ್ಥಂಕರ ಹೆಣ್ಣು, ಮಲ್ಲಿಕುಮಾರಿ ಎಂದು ಶ್ವೇತಾಂಬರರು. ಅಲ್ಲ, ಗಂಡು ಎಂದು ನಮ್ಮ ಕಡೆಯ ದಿಗಂಬರರು. ಇಲ್ಲಿನ ಮೂರ್ತಿ ದಿಗಂಬರ ಸಂಪ್ರದಾಯದ್ದೇ. ಬಸದಿ ಕಟ್ಟಿಸಿದ ಇಮ್ಮಡಿ ಭೈರರಸನನ್ನು ಶಾಸನ ಪರಿಚಯಿಸುವ ಬಗೆ ನೋಡಿ: ಹಿಂದಿನ ಭೈರರಸನ ಸೋದರಳಿಯ, ಗುಮ್ಮಟಾಂಬೆಯ ಮಗ. ಇದು ಅಳಿಯಸಂತಾನದ ನಾಡು. ಪಟ್ಟ ಹರಿದದ್ದು ತಾಯಿಯ ಬಸಿರಿನಿಂದ. ಗುಮ್ಮಟಾಂಬೆ ಇಲ್ಲದಿದ್ದರೆ ಅವನಿಗೆ ಕಟ್ಟಿಸಲು ಕಾರ್ಕಳವೇ ಇರುತ್ತಿರಲಿಲ್ಲ.

ನಮ್ಮ ಅಮ್ಮನ ಮನೆಯೂ ಹಾಗೆಯೇ ಬಂದದ್ದು, ಅಜ್ಜಿಯಿಂದ ಅಮ್ಮನಿಗೆ. ಅಳಿಯಸಂತಾನವೆಂದರೆ ಹೆಂಗಸರ ರಾಜ್ಯ ಎಂದು ಘಟ್ಟದ ಮೇಲಿನವರು ತಿಳಿಯುತ್ತಾರೆ. ಅಷ್ಟು ಸುಲಭ ಇರಲಿಲ್ಲ. ಹೆಸರು ಅಜ್ಜಿಯದು, ಯಜಮಾನಿಕೆ ಅಜ್ಜಿಯ ಅಣ್ಣನದು. ಪಾಲು ಕೇಳುವ ಹಕ್ಕು ಕಾನೂನಿನಲ್ಲಿ ಗಟ್ಟಿಯಾದದ್ದು 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ; 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ನಿಧಾನವಾಗಿ ಸಡಿಲಾಯಿತು. ಆದರೂ ಆ ಮನೆಯಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೋದರೂ ‘ಹೊರಗಿನವರು’ ಆಗಲಿಲ್ಲ. ಬಾಣಂತನಕ್ಕೆ, ಬೇಸರಕ್ಕೆ, ಗಂಡನ ಮೇಲಿನ ಕೋಪಕ್ಕೆ ಹೋಗಿ ಕೂರಲು ಒಂದು ಜಗಲಿ ಇತ್ತು.

ಮಧ್ಯಾಹ್ನದ ಮೇಲೆ ವರಂಗ. ಕಾರ್ಕಳದಿಂದ ಹೆಬ್ರಿಯ ದಾರಿಯಲ್ಲಿ. ದಡದಲ್ಲಿ ನೇಮಿನಾಥನ ದೊಡ್ಡ ಬಸದಿ; ವಿಜಯನಗರದ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನು ಅದಕ್ಕೆ ಬಿಟ್ಟುಕೊಟ್ಟ. ಪಕ್ಕದಲ್ಲಿ ತಾವರೆ ತುಂಬಿದ ಕೆರೆ, ಹಿಂದೆ ಘಟ್ಟದ ನೀಲಿ, ಕೆರೆಯ ನಟ್ಟನಡುವೆ ನೀರಿನಿಂದಲೇ ಎದ್ದ ಹಾಗೆ ಕೆರೆಬಸದಿ. ಹೋಗಲು ಒಂದು ದೋಣಿ. ನಿನ್ನೆಯ ದೋಣಿಯ ಗದ್ದಲಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ನಾಲ್ಕು ದಿಕ್ಕಿಗೆ ನಾಲ್ವರು ತೀರ್ಥಂಕರರು, ಜೊತೆಗೆ ಪದ್ಮಾವತಿ ದೇವಿ. ತೀರ್ಥಂಕರರು ಕೇಳಿದ್ದನ್ನು ಕೊಡುವವರಲ್ಲ, ಎಲ್ಲ ಬಿಟ್ಟವರು. ಆದ್ದರಿಂದ ಹೆಂಗಸರು ಹರಕೆ ಹೇಳುವುದು ಪದ್ಮಾವತಿಗೆ. ಜೈನರಲ್ಲದವರೂ ಹೇಳುತ್ತಾರೆ. ಅಮ್ಮ ಅಕ್ಕನ ಮೊದಲ ಹೆರಿಗೆಯ ಹೊತ್ತಿಗೆ ಇಲ್ಲಿಗೆ ಹರಕೆ ಹೇಳಿ, ಆಮೇಲೆ ಒಬ್ಬರೇ ಬಸ್ಸು ಹತ್ತಿ ಬಂದು ಸೀರೆ ಒಪ್ಪಿಸಿ ಹೋಗಿದ್ದರು. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ. ದೋಣಿಯಲ್ಲಿ ಹೇಳಿದೆ. ಅವಳು ನೀರಿನಲ್ಲಿ ಕೈ ಅದ್ದಿ ಕೂತಿದ್ದಳು, ಏನೂ ಹೇಳಲಿಲ್ಲ. ದೇವಿಯ ಮುಂದೆ ನಿಂತಾಗ ಮಾತ್ರ, “ಆ ಕಟ್ಟೆ ಬಿಟ್ಟು ಸಹಿ ಹಾಕುವುದಿಲ್ಲ” ಎಂದಳು. ದೇವಿಗೆ ಹೇಳಿದ್ದೋ ನನಗೋ ತಿಳಿಯಲಿಲ್ಲ.

ಆ ರಾತ್ರಿ ಫೋನುಗಳು ಬಹಳ ಹೊತ್ತು ನಡೆದವು. ಅಣ್ಣನ ಮಗನಿಗೆ ಮೊದಲು ಸಿಟ್ಟು ಬಂತು. ಟಿಕೆಟು ತೆಗೆಸಿ ಬಂದವನು, ಸಹಜ. ಅಕ್ಕ ಅವನಿಗೆ ಏರುದನಿಯಲ್ಲಿ ಒಂದು ಮಾತೂ ಆಡಲಿಲ್ಲ. ಮೂರು ಸೆಂಟ್ಸ್ ಜಾಗದ ಬೆಲೆಯನ್ನು ತನ್ನ ಪಾಲಿನಲ್ಲಿ ಕಳೆದುಕೊಳ್ಳಿ ಎಂದಳು. ಜಾಗ ಕೊಳ್ಳುವವರು ಬೆಳಿಗ್ಗೆ ಬಂದು ನೋಡಿದರು. ಅವರ ತಾಯಿಯೂ ಜೊತೆಗೆ ಬಂದಿದ್ದರು. ಆ ಹೆಂಗಸು ಹಲಸಿನ ಮರದ ಬುಡಕ್ಕೆ ಹೋಗಿ, ಚಪ್ಪಲಿ ಬಿಟ್ಟು, ಸೆರಗು ಹೊದ್ದು ನಿಂತದ್ದನ್ನು ಕಂಡಾಗಲೇ ನಮಗೆ ಅರ್ಧ ಕೆಲಸ ಆಯಿತೆನಿಸಿತು.

ಪತ್ರವನ್ನು ಮತ್ತೆ ಟೈಪು ಮಾಡಿಸಬೇಕಾಯಿತು. ಸರ್ವೆ ನಕ್ಷೆಗೆ ಅಳತೆ ಆಗಬೇಕು ಎಂದು ಕೆಲಸ ಹನ್ನೆರಡು ದಿನ ಮುಂದೆ ಹೋಯಿತು. ಅಕ್ಕ ರೈಲಿನ ಟಿಕೆಟು ರದ್ದು ಮಾಡಿ ನಮ್ಮಲ್ಲೇ ಉಳಿದಳು. ಪತ್ರ ಬರೆಯುವವರು ಚಕ್ಕುಬಂದಿ ಓದಿ ಹೇಳಿದರು. ಪೂರ್ವಕ್ಕೆ ಖರೀದಿದಾರರ ಸ್ಥಳ, ಪಶ್ಚಿಮಕ್ಕೆ ಖರೀದಿದಾರರ ಸ್ಥಳ, ಉತ್ತರಕ್ಕೆ, ದಕ್ಷಿಣಕ್ಕೆ ಅದೇ. ನಡುವೆ ಹಲಸಿನ ಮರ ಒಂದು, ಕಲ್ಲು ಒಂದು. “ಒಳಗೆ ಹೋಗಲಿಕ್ಕೆ ದಾರಿ ಹಕ್ಕು ಬರೆಯಬೇಕಲ್ಲ, ಎಷ್ಟು ಅಡಿ ಹಾಕಲಿ?” ಎಂದು ಕೇಳಿದರು.

“ಅಗೆಲಿಗೆ ಪಾತ್ರೆ ಹೊತ್ತು ಇಬ್ಬರು ಹೆಂಗಸರು ಪಕ್ಕಪಕ್ಕ ನಡೆಯುವಷ್ಟು” ಎಂದಳು ಅಕ್ಕ.

ಅವರು ನಾಲ್ಕು ಅಡಿ ಎಂದು ಬರೆದುಕೊಂಡರು.